ಮೂಲೆಮಟ್ಟ ಮತ್ತು ಕೈವಾರ

ಬಳ್ಳಾರಿಯವರಿಗೆ ಕಲ್ಲಿನ ವಿಷಯವಾಗಿ ಯಾರೂ ಹೊಸದಾಗಿ ಪಾಠ ಹೇಳಬೇಕಾಗಿಲ್ಲ. ಕಣ್ಣು ಬಿಟ್ಟರೆ ಬಂಡೆ, ಬಾಗಿಲು ತೆರೆದರೆ ಗುಡ್ಡ. ಹೈದರಾಲಿಯು ಇಲ್ಲಿಯ ಕೋಟೆಯನ್ನು ಬಲಪಡಿಸಲು ಫ್ರೆಂಚ್ ಎಂಜಿನಿಯರನೊಬ್ಬನನ್ನು ನೇಮಿಸಿದನೆಂದೂ, ಕೆಲಸವೆಲ್ಲ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡವು ಕೋಟೆಗಿಂತ ಎತ್ತರವಾಗಿರುವುದು ಕಂಡು ಅವನನ್ನು ಗಲ್ಲಿಗೇರಿಸಿದನೆಂದೂ ಐತಿಹ್ಯವಿದೆ. ಕಲ್ಲಿನ ಮೇಲೆ ಕಲ್ಲು ಸರಿಯಾಗಿಯೇ ಕೂತಿತ್ತು, ಪಾಪ. ಕಟ್ಟುವವನು ತಲೆಯೆತ್ತಿ ಎದುರಿಗೆ ನೋಡಿರಲಿಲ್ಲ. ಇಂಥ ಊರಿನಲ್ಲಿ ಕಲ್ಲುಕುಟಿಗನ ಉಪಕರಣಗಳನ್ನೇ ಬಾಳಿನ ಸಂಕೇತಗಳನ್ನಾಗಿ ಮಾಡಿಕೊಂಡ ಸಂಘವೊಂದರ ಮಾತು ಬಂದರೆ ಕಿವಿ ನಿಮಿರುವುದು ಸಹಜವೇ.

ನಾನು ಹೇಳುತ್ತಿರುವುದು ಫ್ರೀಮೇಸನ್ನರ ಸಂಗತಿ. ಉತ್ತರ ಹಿಂದೂಸ್ಥಾನದ ಜನ ಇವರ ಮಂದಿರಕ್ಕೆ ‘ಜಾದೂ ಘರ್’ ಎಂದು ಹೆಸರಿಟ್ಟಿದ್ದರು. ಮುಚ್ಚಿದ ಬಾಗಿಲ ಹಿಂದೆ ಗಂಡಸರು ಸೇರಿ, ಸೊಂಟಕ್ಕೆ ಬಿಳಿಯ ಚರ್ಮದ ಮುಂಗವಸು ಕಟ್ಟಿಕೊಂಡು ಏನೋ ಮಾಡುತ್ತಾರೆಂದರೆ ಹೊರಗಿನವರ ಕಲ್ಪನೆಗೆ ರೆಕ್ಕೆ ಮೂಡದೆ ಇದ್ದೀತೆ? ದಂಡು ಇದ್ದ ಊರುಗಳಿಗೆ ಈ ಸಂಘ ಬಹುಮಟ್ಟಿಗೆ ದಂಡಿನ ಬೆನ್ನ ಹಿಂದೆಯೇ ಬಂದಿತು. ಸೈನ್ಯದ ತುಕಡಿಗಳೊಡನೆ ಊರೂರು ತಿರುಗುವ ಸಂಚಾರಿ ಲಾಡ್ಜುಗಳಿಗೆ ಸನದು ಕೊಡುವ ಪದ್ಧತಿಯನ್ನು 1732ರಲ್ಲಿ ಐರ್ಲೆಂಡಿನವರು ಪ್ರಾರಂಭಿಸಿದರು. ಮದರಾಸು ಪ್ರಾಂತದ ದಂಡಾಗಿದ್ದ ನಮ್ಮ ಬಳ್ಳಾರಿಯಂಥ ಊರಿನಲ್ಲಿ ಹಿರಿಯರ ಕಿವಿಗೆ ಈ ಹೆಸರು ಬಿದ್ದಿದ್ದರೆ ಆಶ್ಚರ್ಯವಿಲ್ಲ.

ನನಗೆ ಇದರ ಚಿಂತೆ ಹತ್ತಿದ್ದು ಒಬ್ಬ ಮಿತ್ರರಿಂದ. ಹುಟ್ಟಿದ್ದು ಸಿರುಗುಪ್ಪದಲ್ಲಿ, ತುಂಗಭದ್ರೆಯ ಬತ್ತದ ಗದ್ದೆಗಳ ನಡುವೆ. ಈಗ ವಾಸ ಬಳ್ಳಾರಿಯಲ್ಲಿ. ಉದ್ಯೋಗದ ನಿಮಿತ್ತ ಬೆಂಗಳೂರಿನಲ್ಲಿದ್ದಾಗ ಲಾಡ್ಜ್ ಸೇರಿದವರು. ಅಲ್ಲಿ ಅವರು ಒಮ್ಮೆ ಕಾಯಿಲೆ ಬಿದ್ದು ಮೂರು ವಾರ ಆಸ್ಪತ್ರೆಯಲ್ಲಿ ಮಲಗಿದಾಗ, ಊರಿನಿಂದ ನಂಟರು ಬಂದು ಸೇರುವ ಮೊದಲೇ ಲಾಡ್ಜಿನವರು ಸರದಿ ಹಾಕಿಕೊಂಡು ರಾತ್ರಿಯೆಲ್ಲ ಹಾಸಿಗೆಯ ಬಳಿ ಕೂತಿದ್ದರಂತೆ. ಒಬ್ಬರು ನಿವೃತ್ತ ನ್ಯಾಯಾಧೀಶರು, ಇನ್ನೊಬ್ಬರು ಗಡಿಯಾರ ರಿಪೇರಿ ಮಾಡುವವರು. ಅಂದಿನಿಂದ ಮಿತ್ರರಿಗೆ ಈ ಸಂಘದ ಮೇಲೆ ಭಕ್ತಿ. ಈಚೆಗೆ ಅರ್ಜಿಯ ಕಾಗದವೊಂದನ್ನು ನನ್ನ ಕೈಗಿತ್ತು, “ಮೇಷ್ಟ್ರೇ, ನಿಮ್ಮ ಹೆಸರನ್ನು ನಾನು ಸೂಚಿಸುತ್ತೇನೆ, ಯೋಚನೆ ಮಾಡಿ” ಎಂದರು.

ಸೇರುವ ಮೊದಲು ಓದಿ ನೋಡುವುದು ಅಧ್ಯಾಪಕನ ಚಟ. ಓದಿದೆ. ಗುಟ್ಟು ಗುಟ್ಟು ಎಂದು ಜನ ಹೇಳುವ ಬಹುಭಾಗ ಎಂದೋ ಬೀದಿಗೆ ಬಿದ್ದಿದೆ. 1730ರಲ್ಲಿಯೇ ಸ್ಯಾಮ್ಯುಯಲ್ ಪ್ರಿಚರ್ಡ್ ಎಂಬಾತ ಲಂಡನ್ನಿನಲ್ಲಿ ಎಲ್ಲವನ್ನೂ ಅಚ್ಚು ಹಾಕಿಸಿ ಮಾರಿದ. ಅಲ್ಲಿ ಮೊದಲ ಗ್ರ್ಯಾಂಡ್ ಲಾಡ್ಜ್ ಏರ್ಪಟ್ಟಿದ್ದು 1717ರಲ್ಲಿ, ಒಂದು ಮದ್ಯದಂಗಡಿಯಲ್ಲಿ. ಅದಕ್ಕೂ ಹಿಂದೆ ನಿಜವಾಗಿ ಕಲ್ಲು ಕಡಿಯುವ ಕುಶಲಕರ್ಮಿಗಳ ಕೂಟಗಳಿದ್ದವು. ಕಾಲ ಬದಲಾಗಿ ಕೆಲಸಗಾರರು ಕಡಿಮೆಯಾದಂತೆ ಕಲ್ಲು ಮುಟ್ಟದ ದೊಡ್ಡ ಮನುಷ್ಯರು ಒಳಗೆ ಬಂದರು, ಉಪಕರಣಗಳು ಉಪಮೆಗಳಾದವು ಎಂದು ಹಲವರ ವಿವರಣೆ.

ಆ ಉಪಮೆಗಳು ಸೊಗಸಾಗಿವೆಯೆಂದು ಒಪ್ಪಲೇಬೇಕು. ಮೂಲೆಮಟ್ಟ ನಡತೆಯ ನೇರಕ್ಕೆ, ಕೈವಾರ ಆಸೆಗೆ ಹಾಕಿಕೊಳ್ಳುವ ಎಲ್ಲೆಗೆ, ಸಮಮಟ್ಟ ಸಮಾನತೆಗೆ, ತೂಗುಗುಂಡು ಪ್ರಾಮಾಣಿಕತೆಗೆ. ಇಪ್ಪತ್ತನಾಲ್ಕು ಅಂಗುಲದ ಅಳತೆಗೋಲು ದಿನದ ಇಪ್ಪತ್ತನಾಲ್ಕು ಗಂಟೆ. ಅದನ್ನು ಪ್ರಾರ್ಥನೆಗೆ, ದುಡಿಮೆಗೆ, ವಿಶ್ರಾಂತಿಗೆ, ಕಷ್ಟದಲ್ಲಿರುವ ಮಿತ್ರನಿಗೆ ಹಂಚಬೇಕು. ಮಂದಿರದಲ್ಲಿ ಎರಡು ಕಲ್ಲುಗಳನ್ನಿಟ್ಟಿರುತ್ತಾರೆ. ಒಂದು ಗಣಿಯಿಂದ ತಂದ ಒರಟು ಕಲ್ಲು, ಇನ್ನೊಂದು ನಯವಾಗಿ ತಿದ್ದಿದ ಚೌಕದ ಕಲ್ಲು. ಹೊಸಬ ತಾನು ಮೊದಲನೆಯದೆಂದು ತಿಳಿಯಬೇಕು. ಉಳಿಯೂ ಅವನೇ, ಕಲ್ಲೂ ಅವನೇ.

ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಇವಾವುವೂ ಅಲ್ಲ. ದೀಕ್ಷೆಗೆ ಬರುವವನ ಮೈಮೇಲಿನ ಲೋಹವನ್ನೆಲ್ಲ ಹೊರಗೇ ತೆಗೆಸುತ್ತಾರೆ: ಉಂಗುರ, ಗಡಿಯಾರ, ಕಾಸು, ಎಲ್ಲವನ್ನೂ. ಕಣ್ಣಿಗೆ ಬಟ್ಟೆ ಕಟ್ಟಿ ಒಳಗೆ ಕರೆದೊಯ್ಯುತ್ತಾರೆ. ಪ್ರಮಾಣ ಮುಗಿದು ಕಣ್ಣು ತೆರೆದ ಮೇಲೆ ಅವನನ್ನು ಈಶಾನ್ಯದ ಮೂಲೆಯಲ್ಲಿ ನಿಲ್ಲಿಸಿ, ಬಡವರಿಗಾಗಿ ಏನಾದರೂ ಕೊಡು ಎಂದು ಎಲ್ಲರೆದುರು ಕೇಳುತ್ತಾರೆ. (ಕಟ್ಟಡಕ್ಕೆ ಮೊದಲ ಕಲ್ಲಿಡುವ ಮೂಲೆ ಅದು, ನಮ್ಮ ವಾಸ್ತುವಿನವರಿಗೂ ಈಶಾನ್ಯದ ಮೇಲೆ ಪ್ರೀತಿಯಷ್ಟೆ.) ಅವನು ಜೇಬಿಗೆ ಕೈ ಹಾಕುತ್ತಾನೆ, ಏನೂ ಇಲ್ಲ. ಸಂಬಳ, ಹುದ್ದೆ, ಮನೆ ಎಲ್ಲ ಇರುವವನು ಒಂದು ಗಳಿಗೆ ಎಲ್ಲರ ಮುಂದೆ ಕಾಸಿಲ್ಲದವನಾಗಿ ನಿಲ್ಲುತ್ತಾನೆ. ಮುಂದೆಂದಾದರೂ ಯಾರಾದರೂ ನಿನ್ನ ಮುಂದೆ ಕೈಯೊಡ್ಡಿದರೆ ಈ ಗಳಿಗೆಯನ್ನು ನೆನೆಸಿಕೋ ಎಂದು ಅವನಿಗೆ ಹೇಳುತ್ತಾರೆ. ದಾನದ ವಿಷಯವಾಗಿ ಎಷ್ಟೋ ಉಪನ್ಯಾಸಗಳನ್ನು ಕೇಳಿದ್ದೇನೆ, ನಾಲ್ಕಾರು ಮಾಡಿಯೂ ಇದ್ದೇನೆ. ಈ ಖಾಲಿ ಜೇಬಿನಷ್ಟು ಚೆನ್ನಾಗಿ ಮಾತಾಡಿದ ಉಪನ್ಯಾಸ ನೆನಪಿಲ್ಲ.

ಸಮಾನತೆಯ ಚರಿತ್ರೆ ಮಾತ್ರ ಅಷ್ಟು ನಯವಾಗಿಲ್ಲ. ಭಾರತೀಯರನ್ನು ಒಳಗೆ ಬಿಡಲು ಬಿಳಿಯರು ಬಹುಕಾಲ ಅನುಮಾನಿಸಿದರು. 1843ರಲ್ಲಿ ಮುಂಬಯಿಯಲ್ಲಿ ಭಾರತೀಯರಿಗಾಗಿಯೇ ‘ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ’ ಎಂಬ ಲಾಡ್ಜ್ ಹುಟ್ಟಬೇಕಾಯಿತು. ಕಲ್ಕತ್ತೆಯಲ್ಲಿ ಪ್ರಸನ್ನ ಕುಮಾರ ದತ್ತರೆಂಬ ಹಿಂದೂ ಗೃಹಸ್ಥರು ವರ್ಷಗಟ್ಟಲೆ ಹೋರಾಡಿ 1872ರಲ್ಲಿ ಪ್ರವೇಶ ಪಡೆದರು. ಪರಮಾತ್ಮನಲ್ಲಿ ನಂಬಿಕೆಯಿರಬೇಕೆಂಬುದು ಸಂಘದ ನಿಯಮ; ಅನೇಕ ದೇವತೆಗಳನ್ನು ಪೂಜಿಸುವ ಹಿಂದೂವಿಗೆ ಅದು ಹೊಂದುತ್ತದೆಯೇ ಎಂಬುದು ಅಂದಿನ ಆಕ್ಷೇಪಗಳಲ್ಲೊಂದು! ಹನ್ನೆರಡು ವರ್ಷದ ತರುವಾಯ, 1884ರಲ್ಲಿ, ಅದೇ ಕಲ್ಕತ್ತೆಯ ಲಾಡ್ಜೊಂದಕ್ಕೆ ನರೇಂದ್ರನಾಥ ದತ್ತರೆಂಬ ತರುಣರು ಸೇರಿದರು. ಮುಂದೆ ಸ್ವಾಮಿ ವಿವೇಕಾನಂದರಾದವರು ಅವರೇ. ನಮ್ಮವರ ಕಡೆಯ ಗೋಡೆಯೂ ಚಿಕ್ಕದಲ್ಲ. ಲಾಹೋರಿನಲ್ಲಿ ಮೇಸನ್ನನಾದ ಕಿಪ್ಲಿಂಗ್ ಕವಿ ‘ದಿ ಮದರ್ ಲಾಡ್ಜ್’ ಎಂಬ ತನ್ನ ಕವಿತೆಯಲ್ಲಿ, ನಾನಾ ಮತದ ಸೋದರರು ಒಟ್ಟಿಗೆ ಕೂರುತ್ತಿದ್ದರೂ ಯಾರದಾದರೂ ಜಾತಿ ಕೆಟ್ಟೀತೆಂಬ ಅಂಜಿಕೆಯಿಂದ ಔತಣ ಏರ್ಪಡಿಸುತ್ತಿರಲಿಲ್ಲವೆಂದು ಬರೆದಿದ್ದಾನೆ. ಸ್ವತಂತ್ರ ಭಾರತದ ಗ್ರ್ಯಾಂಡ್ ಲಾಡ್ಜ್ 1961ರ ನವೆಂಬರ್ 24ರಂದು ದೆಹಲಿಯಲ್ಲಿ ಸ್ಥಾಪಿತವಾಯಿತು. ಇಂದು ಗೀತೆ, ಕುರಾನು, ಬೈಬಲು, ಗ್ರಂಥ ಸಾಹೇಬ್ ಒಂದೇ ಪೀಠದ ಮೇಲಿರುತ್ತವೆ. ಊಟವೂ ಒಟ್ಟಿಗೆ ನಡೆಯುತ್ತದೆಂದು ಮಿತ್ರರ ಹೇಳಿಕೆ.

ಇಷ್ಟೆಲ್ಲ ಓದಿ ನನ್ನ ಶ್ರೀಮತಿಗೆ ವರದಿ ಒಪ್ಪಿಸಿದೆ. ಆಕೆ ಗಮನವಿಟ್ಟು ಕೇಳಿ, “ಹೆಂಗಸರನ್ನು ಸೇರಿಸಿಕೊಳ್ಳುತ್ತಾರೇನ್ರೀ?” ಎಂದಳು. ಇಲ್ಲವೆಂದೆ. ಹೆಂಗಸರಿಗೂ ಪ್ರವೇಶವಿರುವ ಬೇರೆಯ ಶಾಖೆಯೊಂದು 1893ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿತೆಂದೂ, ಆನಿ ಬೆಸೆಂಟರು ಅದರಲ್ಲಿದ್ದರೆಂದೂ, ಹಳೆಯ ಲಾಡ್ಜಿನವರು ಅದನ್ನು ಒಪ್ಪುವುದಿಲ್ಲವೆಂದೂ ವಿವರಿಸಿದೆ. “ಎಂಟುನೂರು ವರ್ಷದ ಹಿಂದೆ ಕಲ್ಯಾಣದಲ್ಲಿ ಅಕ್ಕಮಹಾದೇವಿ ಎದ್ದು ಮಾತಾಡಿದಳು ಅಂತ ನೀವೇ ಅಲ್ಲವೇ ಕ್ಲಾಸಿನಲ್ಲಿ ಹೇಳೋದು?” ಎಂದು ಆಕೆ ಒಗ್ಗರಣೆಯ ಕಡೆಗೆ ತಿರುಗಿದಳು. ಈ ಪ್ರಶ್ನೆಗೆ ಎಂ.ಎ. ಪದವಿಯಲ್ಲಿ ಉತ್ತರವಿಲ್ಲ.

ಕಳೆದ ತಿಂಗಳು ಕುರುಗೋಡಿಗೆ ಹೋಗಿದ್ದೆ. ದೊಡ್ಡಬಸವೇಶ್ವರನ ಆ ಬೃಹತ್ ನಂದಿಯನ್ನು ನೋಡಿ, ಚಾಲುಕ್ಯ ಶೈಲಿಯ ಹಳೆಯ ಗುಡಿಗಳ ಕಡೆಗೆ ನಡೆದೆ. ಸುಣ್ಣಗಾರೆಯ ಹಂಗಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿ ನಿಂತ ಗೋಡೆಗಳು ಅವು. ಎಷ್ಟು ಜನರ ಕೈ ಅಲ್ಲಿ ದುಡಿದಿದೆಯೋ! ಹತ್ತಿರದಲ್ಲೇ ವೃದ್ಧನೊಬ್ಬ ಯಾರದೋ ಮನೆಯ ಹೊಸ್ತಿಲಿಗೆಂದು ಕಲ್ಲು ತಿದ್ದುತ್ತಿದ್ದ. ಪಕ್ಕದಲ್ಲಿ ಮೂಲೆಮಟ್ಟ, ದಾರಕ್ಕೆ ಕಟ್ಟಿದ ಗುಂಡು. ಮಾತಿಗೆ ಕೂತೆ.

“ಅಜ್ಜಾ, ಈ ಗುಂಡಿನ ಮ್ಯಾಲೆ ನಂಬಿಕೆ ಪೂರ್ತಿ ಐತೇನು?” ಎಂದೆ.

“ಗಾಳಿ ಬೀಸಿದ್ರ ಅಲ್ಲಾಡತೈತಿ ಸರ. ಅದು ನಿಂದ್ರೋತನಕ ನಾವೂ ಸುಮ್ಮನ ಕುಂದರಬೇಕು. ಅವಸರ ಮಾಡಿದವನ ಗ್ವಾಡೆ ಸೊಟ್ಟ.”

ದೊಡ್ಡ ದೊಡ್ಡ ಊರುಗಳಲ್ಲಿ ಇದೇ ಗುಂಡು, ಇದೇ ಮೂಲೆಮಟ್ಟ ಇಟ್ಟುಕೊಂಡು ಸಭೆ ಮಾಡುವವರಿದ್ದಾರೆಂದು ಹೇಳಿದೆ. ಅಜ್ಜ ಉಳಿ ಕೆಳಗಿಟ್ಟ. “ಏನ್ ಕಟ್ತಾರ್ರೀ?” “ಏನೂ ಕಟ್ಟೋದಿಲ್ಲ ಅಜ್ಜಾ. ಮನುಷ್ಯ ತನ್ನನ್ನ ತಾನು ತಿದ್ದಿಕೊಳ್ಳಬೇಕು ಅಂತ.” ಆತ ಸ್ವಲ್ಪ ಹೊತ್ತು ಯೋಚಿಸಿ, “ಅದು ಕಲ್ಲಿಗಿಂತ ಬಿರುಸು ಕೆಲಸ ಬಿಡ್ರಿ” ಎಂದು ಮತ್ತೆ ಸುತ್ತಿಗೆ ಎತ್ತಿಕೊಂಡ.

ಬಳ್ಳಾರಿಗೆ ಮರಳಿದ ಮೇಲೆ ಮಿತ್ರರನ್ನು ನೇರವಾಗಿ ಕೇಳಿದೆ: ಕುರುಗೋಡಿನ ಆ ಅಜ್ಜ ಅರ್ಜಿ ಹಾಕಿದರೆ ನಿಮ್ಮವರು ತೆಗೆದುಕೊಳ್ಳುತ್ತಾರೆಯೇ? ಅವರು ಕನ್ನಡಕ ತೆಗೆದು ಒರೆಸಿದರು. ನಿಯಮದಲ್ಲಿ ಅಡ್ಡಿಯಿಲ್ಲ, ದೇವರಲ್ಲಿ ನಂಬಿಕೆ ಮತ್ತು ಒಳ್ಳೆಯ ನಡತೆ ಇದ್ದರೆ ಸಾಕು. ಚಂದಾ ಉಂಟು, ಅದಕ್ಕೇನಾದರೂ ದಾರಿ ನೋಡಬಹುದು. ಬಿಳಿ ಗುಂಡು ಕರಿ ಗುಂಡುಗಳನ್ನು ಹಾಕಿ ಮತ ತೆಗೆಯುತ್ತಾರೆ, ಕರಿಯದು ಬೀಳಬಾರದು. ಎಲ್ಲಕ್ಕೂ ಮೊದಲು ಅವನನ್ನು ಬಲ್ಲ ಸದಸ್ಯರಿಬ್ಬರು ಅವನ ಹೆಸರನ್ನು ಸೂಚಿಸಬೇಕು ಎಂದರು.

“ನಿಮ್ಮಲ್ಲಿ ಅವನನ್ನು ಬಲ್ಲವರು ಯಾರಿದ್ದಾರೆ?” ಎಂದೆ.

ಮಿತ್ರರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, “ನೀವು ಸೇರಿದರೆ ಒಬ್ಬರಾಗುತ್ತಾರಲ್ಲ ಮೇಷ್ಟ್ರೇ” ಎಂದರು.

ಅರ್ಜಿಯ ಕಾಗದ ಮೇಜಿನ ಮೇಲೆ, ಮಕ್ಕಳ ಉತ್ತರಪತ್ರಿಕೆಗಳ ಕೆಳಗೆ ಇದೆ. ಬರುವ ಭಾನುವಾರ ಕುರುಗೋಡಿಗೆ ಇನ್ನೊಮ್ಮೆ ಹೋಗಬೇಕು. ಅಜ್ಜನ ಹೆಸರನ್ನೇ ನಾನಿನ್ನೂ ಕೇಳಿಲ್ಲ.