ಹಾಸಿಗೆ ಹಾಕಿದ ಗಂಜಿ



ಕಳೆದ ತಿಂಗಳಿನ ಒಂದು ಸಾಯಂಕಾಲ ನಾನು ದೇವರ ಮುಂದೆ ದೀಪ ಹಚ್ಚಿ ಪಡಸಾಲೆಗೆ ಬಂದು ಕುಳಿತಿರಲಾಗಿ, ನಮ್ಮ ಓಣಿಯ ಹುಡುಗಿಯೊಬ್ಬಳು ಕಾಗದಗಳ ಕಟ್ಟೊಂದನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ಇವಳು ಎಂಟನೆಯ ಇಯತ್ತೆಯಿಂದ ಹತ್ತನೆಯ ಇಯತ್ತೆಯ ವರೆಗೆ ನನ್ನ ಕೈಕೆಳಗೆ ಕನ್ನಡ ಕಲಿತವಳು. ಈಗ ಸುರೇಬಾನದಿಂದ ರಾಮದುರ್ಗದ ಕಾಲೇಜಿಗೆ ದಿನಾಲು ಬಸ್ಸಿನಲ್ಲಿ ಹೋಗಿಬರುವಳು. ನಿವೃತ್ತ ಮಾಸ್ತರನ ಮನೆಗೆ ಹಳೆಯ ವಿದ್ಯಾರ್ಥಿಗಳು ಬರುವದು ಪ್ರಾಯಶಃ ಎರಡೇ ಕಾರಣಕ್ಕೆ: ಮದುವೆಯ ಆಮಂತ್ರಣಪತ್ರಿಕೆಯನ್ನು ಕೊಡುವದಕ್ಕೆ, ಇಲ್ಲವೆ ಅದರ ಒಕ್ಕಣೆಯನ್ನು ತಿದ್ದಿಸಿಕೊಳ್ಳುವದಕ್ಕೆ. ಇವಳು ಎರಡಕ್ಕೂ ಬಂದಿರಲಿಲ್ಲ.

"ಸೆಮಿಸ್ಟರ್ ಮುಗೀತ್ರಿ ಸರ. ಈ ಸೆಮಿಸ್ಟರಿನಾಗ ನಮ್ಮ ಬರವಣಿಗಿ ಹೆಂಗ ಬೆಳೀತು ಅಂತ ಎರಡು ಪುಟ ಬರದು ಕೊಡ್ರಿ ಅಂದಾರ. ಬರದೇನಿ. ನೀವೊಮ್ಮೆ ನೋಡಿದರ ಚೊಲೊ ಆಗತೈತಿ" ಎಂದಳು.

ಸೆಮಿಸ್ಟರ್ ಎಂಬ ಶಬ್ದವನ್ನು ಕೇಳಿದಾಗಲೆಲ್ಲ ನನಗೆ ಒಂದು ಸಣ್ಣ ಸಂತೋಷವಾಗುವದು. ಲ್ಯಾಟಿನ್ ಭಾಷೆಯಲ್ಲಿ ಆರು ಎಂಬರ್ಥದ ಒಂದು ಪದವೂ ತಿಂಗಳು ಎಂಬರ್ಥದ ಇನ್ನೊಂದು ಪದವೂ ಕೂಡಿ ಅದು ಹುಟ್ಟಿದೆ. ಆ ಎರಡು ಪದಗಳೂ ನಮ್ಮ ಷಟ್, ಮಾಸ ಎಂಬವುಗಳಿಗೆ ದಾಯಾದಿಗಳು. ಎಂದಮೇಲೆ ಸೆಮಿಸ್ಟರ್ ಎಂದರೆ ಷಣ್ಮಾಸವೇ. ರಜೆಯನ್ನೂ ಪರೀಕ್ಷೆಯನ್ನೂ ಕಳೆದರೆ ಅದರೊಳಗೆ ಪಾಠಕ್ಕೆ ನಾಲ್ಕು ತಿಂಗಳು ಉಳಿದರೆ ಪುಣ್ಯ, ಆ ಮಾತು ಬೇರೆ.

ಅವಳ ಎರಡು ಪುಟಗಳನ್ನು ಓದಿದೆನು. "ನನ್ನ ಲೇಖನಕೌಶಲ್ಯವು ಗಣನೀಯವಾಗಿ ಅಭಿವೃದ್ಧಿ ಹೊಂದಿದೆ." "ಭಾಷಾಪ್ರಭುತ್ವವು ವೃದ್ಧಿಂಗತವಾಗಿದೆ." "ನನ್ನ ಬರವಣಿಗೆಯಲ್ಲಿ ಆತ್ಮವಿಶ್ವಾಸವು ಹಾಸುಹೊಕ್ಕಾಗಿದೆ." ವ್ಯಾಕರಣದೋಷ ಒಂದೂ ಇರಲಿಲ್ಲ. ಇಂಥ ವಾಕ್ಯಗಳನ್ನು ರಚಿಸಲು ಕಲಿಸಿದವನು ನಾನೇ ಆದುದರಿಂದ ಅವು ಹಳೆಯ ಪರಿಚಿತರಂತೆ ನನ್ನನ್ನು ನೋಡಿ ಕೈಮುಗಿದವು. ಆದರೂ ಏನೋ ಸಾಲದೆನಿಸಿ, "ಇದರಾಗ ನಿನ್ನ ಹೆಸರು ತಗದು ನಿನ್ನ ಗೆಳತಿ ಹೆಸರು ಹಾಕಿದರ ಏನಾದರೂ ಕೆಡತೈತೇನು?" ಎಂದು ಕೇಳಿದೆನು. ಅವಳು ನಕ್ಕು, "ಏನೂ ಕೆಡೂದಿಲ್ರಿ. ಆಗಲೇ ಇಬ್ಬರು ಹಾಕ್ಯಾರ" ಎಂದಳು.

ಬೆಳೆದದ್ದು ಹೌದೋ ಅಲ್ಲವೋ ಎಂಬದನ್ನು ಬರೆದದ್ದನ್ನು ನೋಡಿಯೇ ತಿಳಿಯಬೇಕಲ್ಲದೆ ಬೆಳೆದೆನೆಂದು ಹೇಳಿಕೊಂಡದ್ದನ್ನು ನೋಡಿ ತಿಳಿಯುವಂತಿಲ್ಲ. ಆದುದರಿಂದ, ಆರು ತಿಂಗಳಲ್ಲಿ ಬರೆದ ಕಾಗದಗಳನ್ನೆಲ್ಲ ತೋರಿಸೆಂದೆನು. ಕಟ್ಟು ಬಿಚ್ಚಿದಳು. ಅವಳ ಕಾಲೇಜಿನ ಅಧ್ಯಾಪಿಕೆಯು ಕಿರಿಯ ವಯಸ್ಸಿನವಳಂತೆ. ಅವಳು ಮಾಡಿದ ಏರ್ಪಾಡನ್ನು ಕೇಳಿ ನಾನು ಅಸೂಯೆಪಟ್ಟೆನು. ಅರ್ಧವರ್ಷಕ್ಕೆ ಹನ್ನೆರಡು ವಿಷಯಗಳನ್ನು ಕೊಡುವ ಬದಲು ಒಂದೇ ವಿಷಯವನ್ನು ಆರಿಸಿಕೊಂಡು ನಾಲ್ಕು ಸಲ ಬರೆಯಬೇಕು. ಒಂದೊಂದು ಸಲ ಬರೆದಾದಮೇಲೂ ಆ ಸಂಗತಿಯನ್ನು ಕಣ್ಣಾರೆ ಕಂಡವರಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಅವರು ಏನೆಂದರೆಂಬದನ್ನು ಕೆಳಗೆ ಬರೆದುಕೊಂಡು ಬರಬೇಕು. ಇಷ್ಟೇ.

ಇವಳು ಆರಿಸಿಕೊಂಡದ್ದು ೨೦೧೯ರ ನೆರೆಯನ್ನು. ಆ ವರ್ಷದ ಆಗಸ್ಟ್ ತಿಂಗಳಲ್ಲಿ ನಮ್ಮ ಕಡೆ ಏನಾಯಿತೆಂಬದನ್ನು ದೂರದ ವಾಚಕರಿಗೆ ಹೇಳಬೇಕು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವ ಮಲಪ್ರಭೆಯು ಬಹಳ ವರ್ಷ ನಮಗೆ ಬಡ ನದಿಯಾಗಿಯೇ ಪರಿಚಿತಳು. ಬೇಸಿಗೆಯಲ್ಲಿ ಮರಳನ್ನು ತೋರಿಸುವವಳು. ಆ ಸಲ ಮೇಲ್ಭಾಗದಲ್ಲಿ ಮಳೆ ಎಡೆಬಿಡದೆ ಸುರಿದು, ನವಿಲುತೀರ್ಥದ ಜಲಾಶಯವು ತುಂಬಿ, ಅಲ್ಲಿಂದ ಬಿಟ್ಟ ನೀರು ರಾಮದುರ್ಗ ತಾಲೂಕಿನ ದಂಡೆಯ ಊರುಗಳಲ್ಲಿಯೂ ಪಟ್ಟಣದ ತಗ್ಗಿನ ಓಣಿಗಳಲ್ಲಿಯೂ ಹೊಕ್ಕಿತು. ನೇಕಾರರ ಮನೆಗಳಲ್ಲಿ ಮಗ್ಗಗಳು ನಿಂತಲ್ಲಿಯೇ ಮುಳುಗಿದವು. ಇವಳ ತಾಯಿಯ ತಂದೆಯು ರಾಮದುರ್ಗದವನು, ಇನ್ನೂ ಕುಣಿಮಗ್ಗದ ಮೇಲೆಯೇ ನೇಯುವವನು. ನೆರೆ ಬಂದಾಗ ಇವಳು ಅಲ್ಲಿಯೇ ಇದ್ದಳು. ಆಗ ಎಂಟನೆಯ ಇಯತ್ತೆ.

ಮೊದಲನೆಯ ಪ್ರತಿಯಲ್ಲಿ ಮಲಪ್ರಭೆಯು ರೌದ್ರಾವತಾರವನ್ನು ತಾಳಿದ್ದಳು, ಜನಜೀವನವು ಅಸ್ತವ್ಯಸ್ತವಾಗಿತ್ತು, ನೇಕಾರರ ಬದುಕು ಮೂರಾಬಟ್ಟೆಯಾಗಿತ್ತು. ಅಜ್ಜನು ಕಡೆಯ ವರೆಗೆ ಸಾವಧಾನವಾಗಿ ಕೇಳಿ, "ಇದು ಯಾವ ಊರಾಗ ಆಗಿದ್ದವಾ?" ಎಂದು ವಿಚಾರಿಸಿದನಂತೆ. ಅದನ್ನು ಅವಳು ಕೆಳಗೆ ನಿಷ್ಠೆಯಿಂದ ಬರೆದುಕೊಂಡಿದ್ದಳು.

ಎರಡನೆಯ ಪ್ರತಿಯು ಅರ್ಧಕ್ಕೆ ಇಳಿದಿತ್ತು. ಅದರಲ್ಲಿ ಮನೆ ಇತ್ತು, ಮಗ್ಗ ಇತ್ತು, "ನೀರಿನಲ್ಲಿ ನೆನೆದು ನೂಲು ಹರಿದುಹೋಯಿತು" ಎಂದು ಇತ್ತು. ಅಜ್ಜನು ಅಲ್ಲಿಯೇ ತಡೆದನು. "ನೂಲು ಹರೀಲಿಲ್ಲವಾ. ನೂಲು ಗಟ್ಟಿನ ಇತ್ತು. ಗಂಜಿ ಬಿಟ್ಟಿತು. ಗಂಜಿ ಹೋದ ಎಳಿ ಹಣಗೀ ಪೆಟ್ಟು ತಡಿಯೂದಿಲ್ಲ." ನೇಯ್ಗೆಯನ್ನರಿಯದವರಿಗೆ ಹೇಳುವೆನು: ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳು ಹಾಸು, ಲಾಳಿಯೊಳಗಿನ ಕಂಡಿಕೆಯಿಂದ ಬಿಚ್ಚಿಕೊಂಡು ಅಡ್ಡಕ್ಕೆ ಓಡಾಡುವ ಎಳೆಯು ಹೊಕ್ಕು. ಒಂದೊಂದು ಹೊಕ್ಕಿಗೂ ಹಣಿಗೆಯು ಬಂದು ಬಡಿಯುವದು. ಆ ತಿಕ್ಕಾಟವನ್ನು ಹಾಸಿನ ಎಳೆಗಳು ತಡೆದುಕೊಳ್ಳಬೇಕೆಂದು ಅವಕ್ಕೆ ಮೊದಲೇ ಗಂಜಿಯನ್ನು ಉಣಿಸಿ ಒಣಗಿಸಿರುವರು. ನೀರಲ್ಲಿ ನೆನೆದರೆ ಗಂಜಿ ಕರಗುವದು. ನೋಡುವದಕ್ಕೆ ನೂಲು ಇದ್ದ ಹಾಗೆಯೇ ಇರುವದು; ನೇಯಲು ಬಾರದು.

ಮೂರನೆಯ ಪ್ರತಿಯಲ್ಲಿ ಗಂಜಿಯ ಸಂಗತಿ ಸರಿಯಾಗಿತ್ತು, ಆದರೆ ಕಟ್ಟಕಡೆಗೆ ಅಜ್ಜನ ಕಣ್ಣುಗಳಿಂದ ಅಶ್ರುಧಾರೆಯು ಹರಿದಿತ್ತು. ಅದಕ್ಕೆ ಆ ಮುದುಕನು ಸ್ವಲ್ಪ ಸಿಟ್ಟಾದನಂತೆ. "ನಾ ಅತ್ತಿದ್ದಿಲ್ಲ. ಕುಣಿಯಾಗಿನ ಕೆಸರು ತಗಿಯೂದಿತ್ತು, ಅಳಾಕ ಪುರಸೊತ್ತು ಎಲ್ಲಿತ್ತು?" ಎಂದನು. ನಾನು ಮೂವತ್ತು ವರ್ಷಗಳಲ್ಲಿ ತಿದ್ದಿದ ಸಾವಿರಾರು ನಿಬಂಧಗಳಲ್ಲಿ ಇಂಥ ಪರೀಕ್ಷಕನೊಬ್ಬನೂ ನನ್ನ ಪಕ್ಕದಲ್ಲಿ ಕುಳಿತಿರಲಿಲ್ಲ.

ನಾಲ್ಕನೆಯ ಪ್ರತಿಯ ನಾಲ್ಕು ಸಾಲುಗಳನ್ನು, ಅವಳ ಅಪ್ಪಣೆ ಪಡೆದು, ಇಲ್ಲಿ ಇಳಿಸುವೆನು:

"ನೀರು ಇಳಿದ ಮೇಲೆ ಅಜ್ಜ ಮಗ್ಗದ ಕುಣಿಯೊಳಗಿನ ಕೆಸರನ್ನು ಎರಡು ದಿನ ಬುಟ್ಟಿಯಿಂದ ತೆಗೆದ. ಮೂರನೆಯ ದಿನ ಅಂಚಿನ ಮೇಲೆ ಕುಳಿತು ಕುಣಿಯೊಳಗೆ ಕಾಲು ಇಳಿಬಿಟ್ಟ. ಹಾಸಿಗೆ ಹಾಕಿದ ಗಂಜಿ ಬಿಟ್ಟಿತ್ತು. ಎಳೆಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿ, ಅಜ್ಜಿಯನ್ನು ಕರೆದು ಕತ್ತರಿ ಕೇಳಿದ."

ಓದುತ್ತ ಮೂರನೆಯ ವಾಕ್ಯಕ್ಕೆ ಬಂದು ನಿಂತೆನು. ಈ ಮಾತನ್ನು ನಾನು ಹಿಂದೆ ಎಲ್ಲಿಯೋ ಕಂಡಿದ್ದೆನು. ಎಲ್ಲಿ ಎಂದು ಯೋಚಿಸುತ್ತಿರುವಾಗಲೇ ಕಟ್ಟಿನ ತಳದಲ್ಲಿದ್ದ ಹಳೆಯ ವಹಿಯೊಂದು ಕಣ್ಣಿಗೆ ಬಿತ್ತು. ಅದೇ ಸಂಗತಿಯ ಮೇಲೆ ಹಿಂದೆ ಏನಾದರೂ ಬರೆದಿದ್ದರೆ ಹುಡುಕಿ ತರಬೇಕೆಂದು ಅಧ್ಯಾಪಿಕೆಯು ಹೇಳಿದ್ದಳಂತೆ. ತಾಯಿಯು ಜೋಪಾನಮಾಡಿ ಇಟ್ಟಿದ್ದ ಎಂಟನೆಯ ಇಯತ್ತೆಯ ಕನ್ನಡ ವಹಿಯು ಸಿಕ್ಕಿತ್ತು. ನೆರೆ ಇಳಿದು ಸಾಲೆ ತೆರೆದ ವಾರದಲ್ಲಿ ನಾನು 'ನಾನು ಕಂಡ ಪ್ರವಾಹ' ಎಂಬ ವಿಷಯವನ್ನು ಕೊಟ್ಟಿದ್ದೆನು. ಹದಿಮೂರು ವರ್ಷದ ಹುಡುಗಿಯು ದೊಡ್ಡ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದಳು: "ನೀರು ಬಂದು ಹಾಸಿಗೆ ಹಾಕಿದ ಗಂಜಿ ಬಿಟ್ಟಿತು." ಅದರ ಮೇಲೆ ಕೆಂಪು ಮಸಿಯ ಗೀರು. ಗೀರಿನ ಮೇಲೆ ನನ್ನ ಸುಂದರವಾದ ಅಕ್ಷರಗಳಲ್ಲಿ "ಸರ್ವಸ್ವವೂ ನಾಶವಾಯಿತು." ಅಂಚಿನಲ್ಲಿ ಎರಡು ಶಬ್ದಗಳು: "ಗ್ರಾಮ್ಯ. ಅರ್ಥಶೂನ್ಯ." ಹತ್ತಕ್ಕೆ ಆರು ಅಂಕಗಳು.

ವಾಚಕರೇ, ಹಾಸಿಗೆ ಎಂದರೆ ನಾನು ಮಲಗುವ ಹಾಸಿಗೆಯೆಂದು ತಿಳಿದಿದ್ದೆನು! ಹಾಸಿಗೆಯ ಮೇಲೆ ಯಾರಾದರೂ ಗಂಜಿಯನ್ನು ಏಕೆ ಹಾಕುವರೆಂದು ಮನಸ್ಸಿನಲ್ಲಿ ನಕ್ಕಿದ್ದುದೂ ಈಗ ನೆನಪಾಗುವದು. ಹಾಸು ಎಂಬ ನಾಮಪದಕ್ಕೆ ಚತುರ್ಥೀ ವಿಭಕ್ತಿಯು ಬಂದರೆ ಹಾಸಿಗೆ ಎಂದಾಗುವದನ್ನು, ವಿಭಕ್ತಿಪ್ರತ್ಯಯಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದ ನಾನು ಕಾಣಲಿಲ್ಲ. ಮಗ್ಗದ ಸಪ್ಪಳ ಕೇಳಿಬರುವ ಸುರೇಬಾನದಲ್ಲಿ ಅಷ್ಟು ವರ್ಷ ಬಾಳಿಯೂ, ನೇಕಾರನಾದ ಜೇಡರ ದಾಸಿಮಯ್ಯನನ್ನು ವರ್ಷವರ್ಷವೂ ಪಾಠಮಾಡಿಯೂ, 'ಹಾಸುಹೊಕ್ಕು' ಎಂಬ ಮಾತನ್ನು ಭಾಷಣಕ್ಕೊಮ್ಮೆ ಬಳಸಿಯೂ, ಹಾಸು ಎಂಬದೊಂದು ಪದಾರ್ಥವು ಇದೆಯೆಂದೂ ಅದನ್ನು ಕೈಯಿಂದ ಮುಟ್ಟಬಹುದೆಂದೂ ನನಗೆ ಹೊಳೆದಿರಲಿಲ್ಲ.

ನಾನು ಸುಮ್ಮನಾದುದನ್ನು ಕಂಡು ಅವಳೇ ಸಮಾಧಾನಪಡಿಸುವಂತೆ, "ಗ್ರಾಮ್ಯ ಅಂದರ ಆವಾಗ ಗೊತ್ತಿರಲಿಲ್ರಿ ಸರ. ಊರಿಗೆ ಸಂಬಂಧಪಟ್ಟದ್ದು, ಚೊಲೊ ಐತಿ ಅಂತ ಬರದೀರಿ ಅನಕೊಂಡಿದ್ದೆ. ಮತ್ತ ಗೀರು ಯಾಕ ಎಳದಾರ ಅಂತ ಭಾಳ ದಿನ ತಿಳೀಲಿಲ್ಲ" ಎಂದಳು. ಆಮೇಲೆ, "ಅವತ್ತಿನಿಂದ ಆ ಶಬ್ದ ಬರಿಯೂದು ಬಿಟ್ಟೆ" ಎಂದಳು. ದೂರುವ ದನಿಯಲ್ಲಿ ಹೇಳಲಿಲ್ಲ. ದೂರಿದ್ದರೆ ನನಗೆ ಹಗುರವಾಗುತ್ತಿತ್ತು.

ಗ್ರಾಮ್ಯವೆಂಬದು ನಾನು ಕಟ್ಟಿದ ಮಾತಲ್ಲ. ಮಮ್ಮಟನು ಕಾವ್ಯಪ್ರಕಾಶದಲ್ಲಿ ಎಣಿಸಿದ ದೋಷಗಳೊಳಗೆ ಅದೂ ಒಂದು. ಅಪ್ರತೀತವೆಂಬ ಇನ್ನೊಂದು ದೋಷವನ್ನೂ ಅವನು ಹೇಳಿರುವನು: ಒಂದು ಶಾಸ್ತ್ರವನ್ನು ಬಲ್ಲವರಿಗೆ ಮಾತ್ರ ತಿಳಿಯುವ ಶಬ್ದವನ್ನು ಬಳಸುವದು. ಹುಡುಗಿಯ ವಾಕ್ಯಕ್ಕೆ ದೋಷವನ್ನು ಕಟ್ಟಲೇಬೇಕೆಂದಿದ್ದರೆ ಅಪ್ರತೀತವೆನ್ನಬಹುದಾಗಿತ್ತು. ಆದರೆ ನಮ್ಮ ಊರಿನ ಯಾವ ಓಣಿಯಲ್ಲಿ ಅದು ಅಪ್ರತೀತ? ತಿಳಿಯದವನು ನಾನೊಬ್ಬನೇ. ಅದೇ ಮಮ್ಮಟನು ಪ್ರಸಾದಗುಣವನ್ನು ವಿವರಿಸುವಾಗ ಒಣಗಿದ ಕಟ್ಟಿಗೆಯಲ್ಲಿ ಹರಡುವ ಬೆಂಕಿಯ ಹೋಲಿಕೆಯನ್ನು ಕೊಟ್ಟಿರುವನು. ಅದನ್ನು ನಾನು ಎಷ್ಟು ಸಲ ಪಾಠ ಹೇಳಿರುವೆನೋ ಲೆಕ್ಕವಿಲ್ಲ. ಸಂಸ್ಕೃತವನ್ನು ಇಲ್ಲಿ ಯಾರೂ ದೂರಬಾರದು. ಅದು ನನಗೆ ಅನ್ನ ಕೊಟ್ಟಿದೆ, ಬುದ್ಧಿಯನ್ನೂ ಕೊಟ್ಟಿದೆ. ತಪ್ಪು ಲಕ್ಷಣವನ್ನು ಓದಿ ಲಕ್ಷ್ಯವನ್ನು ನೋಡದವನದು.

ಆ ರಾತ್ರಿ ನಿದ್ರೆ ಬಾರದೆ, ಅಟ್ಟದ ಮೇಲಿನ ಟ್ರಂಕನ್ನು ಇಳಿಸಿದೆನು. ೧೯೮೫ರಲ್ಲಿ ನಾನು ಧಾರವಾಡಕ್ಕೆ ಕಲಿಯಲು ಹೋದ ಮೊದಲ ಅವಧಿಯಲ್ಲಿ ತಾಯಿಗೆ ಬರೆದ ಪತ್ರಗಳು ಅದರಲ್ಲಿವೆ. ತಾಯಿಗೆ ಓದು ಬಾರದು. ತಮ್ಮನು ಓದಿ ಹೇಳುತ್ತಿದ್ದನು. ಜುಲೈ ತಿಂಗಳ ಪತ್ರದಲ್ಲಿ ಖಾನಾವಳಿಯ ರೊಟ್ಟಿ ತೆಳ್ಳಗಿರುವದು, ಕೊಡೆಯ ಕಡ್ಡಿ ಮುರಿದದ್ದು, ಮಳೆಯಲ್ಲಿ ಧೋತರ ಮೂರು ದಿನವಾದರೂ ಒಣಗದ್ದು ಎಲ್ಲ ಇದೆ. ದೀಪಾವಳಿಯ ಹೊತ್ತಿಗೆ ನಾನು ಬೆಳೆದಿದ್ದೆನು. "ಪೂಜ್ಯ ಮಾತೃಶ್ರೀಯವರ ಚರಣಾರವಿಂದಗಳಲ್ಲಿ ಸಾಷ್ಟಾಂಗ ಪ್ರಣಿಪಾತಪೂರ್ವಕ ವಿಜ್ಞಾಪನೆ" ಎಂದು ಮೊದಲಾಗಿ ಎರಡು ಪುಟ. ಅದರಲ್ಲಿ ರೊಟ್ಟಿಯೂ ಇಲ್ಲ, ಧೋತರವೂ ಇಲ್ಲ, ವಿದ್ಯಾವ್ಯಾಸಂಗವು ನಿರ್ವಿಘ್ನವಾಗಿ ಸಾಗಿದೆಯೆಂಬದೊಂದೇ ಸುದ್ದಿ. ಆ ಅವಧಿಯಲ್ಲಿ ನನ್ನ ಶೈಲಿಯು ಬಲಿತಿತೆಂದು ಗುರುಗಳು ಮೆಚ್ಚಿದ್ದರು, ನಾನೂ ಮೆಚ್ಚಿಕೊಂಡಿದ್ದೆನು. ತಮ್ಮನು ಬಹಳ ವರ್ಷಗಳ ಮೇಲೆ ಹೇಳಿದನು: ಆ ಪತ್ರವನ್ನು ಓದಿ ಮುಗಿಸಿದಾಗ ಅವ್ವ, "ಅಂವ ಅರಾಮ ಅದಾನೋ ಇಲ್ಲೋ?" ಎಂದು ಕೇಳಿದಳಂತೆ.

ಕಾಲೇಜಿನ ದಿನಗಳಲ್ಲಿ ಲೇಖಕನು ಬೆಳೆದ ದೊಡ್ಡ ಕಥೆಗಳು ನಮ್ಮಲ್ಲಿ ಇಲ್ಲದಿಲ್ಲ. ಕುವೆಂಪು ಅವರು ವಿದ್ಯಾರ್ಥಿಯಾಗಿದ್ದಾಗ ಇಂಗ್ಲಿಷಿನಲ್ಲಿ ಕವಿತೆಗಳನ್ನು ಬರೆದು ೧೯೨೨ರಲ್ಲಿ ಪುಸ್ತಕವನ್ನೂ ಪ್ರಕಟಿಸಿದ್ದರು. ೧೯೨೪ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ಅವನ್ನು ನೋಡಿ, ತಮ್ಮ ಭಾಷೆಯಲ್ಲಿ ಬರೆಯಿರೆಂದು ಸಲಹೆ ಕೊಟ್ಟರು. ನಮ್ಮ ಕಡೆಯ ವಿನಾಯಕ ಕೃಷ್ಣ ಗೋಕಾಕರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಕಲಿಯುತ್ತಿದ್ದಾಗ ಅವರನ್ನು ಇಂಗ್ಲಿಷಿನಿಂದ ಕನ್ನಡದ ಕಡೆಗೆ ಹೊರಳಿಸಿದವರು ಬೇಂದ್ರೆಯವರು. ಈ ಎರಡು ಕಥೆಗಳನ್ನು ನಾನು ಪ್ರತಿವರ್ಷ ನವೆಂಬರ ಒಂದರಂದು ಕನ್ನಡದ ವಿಜಯವೆಂದು ಎದೆಯುಬ್ಬಿಸಿ ಹೇಳಿರುವೆನು. ಮರುದಿನ ತರಗತಿಗೆ ಹೋಗಿ, ಅದೇ ಕನ್ನಡದೊಳಗೆಯೇ, ಮಕ್ಕಳನ್ನು ಅವರ ಮನೆಯ ಮಾತಿನಿಂದ ಹೊರಗೆ ಕಳಿಸುತ್ತಿದ್ದೆನು. ಕಸಿನ್ಸರಿಗೆ ಕನ್ನಡ ಬಾರದು. ಆದರೂ ಹುಡುಗನಿಗೆ ಬೇರೊಂದು ಮನೆಯಿದೆಯೆಂದು ಅವರಿಗೆ ಕಂಡಿತು. ನನಗೆ ಕನ್ನಡ ಬರುತ್ತಿತ್ತು, ಆ ಹುಡುಗಿಯ ಮನೆಯೂ ಎದುರಿಗೇ ಇತ್ತು.

ಎರಡು ದಿನ ಬಿಟ್ಟು ಅವಳು ಮತ್ತೆ ಬಂದಳು. 'ಗಣನೀಯ ಅಭಿವೃದ್ಧಿ'ಯ ಪುಟಗಳನ್ನು ಹರಿದುಹಾಕಿದ್ದಳು. ಹೊಸದಾಗಿ ಬರೆದದ್ದರಲ್ಲಿ ಬೆಳವಣಿಗೆ ಎಂಬ ಶಬ್ದವೇ ಇರಲಿಲ್ಲ. ಮೊದಲನೆಯ ಪ್ರತಿಯನ್ನು ಬರೆಯಲು ಅರ್ಧ ತಾಸು ಹಿಡಿಯಿತು, ನಾಲ್ಕನೆಯದಕ್ಕೆ ಹನ್ನೊಂದು ದಿನ ಹಿಡಿಯಿತು. ಮೊದಲನೆಯದನ್ನು ಬರೆಯುವಾಗ ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ, ನಾಲ್ಕನೆಯದರ ಹೊತ್ತಿಗೆ ಅಜ್ಜನನ್ನು ಇಪ್ಪತ್ತು ಪ್ರಶ್ನೆ ಕೇಳಿದ್ದೆ. ಅಜ್ಜ ಅಳಲಿಲ್ಲ ಎಂದು ಬರೆಯಲು ನನಗೆ ಭಯವಾಗಿತ್ತು, ಏಕೆಂದರೆ ಅಳದಿದ್ದರೆ ಓದುವವರಿಗೆ ದುಃಖ ತಿಳಿಯದು ಎಂದುಕೊಂಡಿದ್ದೆ. ಹೀಗೆ ಒಂದೊಂದಾಗಿ ಹೇಳಿದ್ದಳು. ಎರಡು ಕಡೆ ಕಾಗುಣಿತದ ತಪ್ಪುಗಳಿದ್ದವು. ಕೆಂಪು ಲೇಖನಿಯು ಕೈಗೆ ಸಿಗಲಿಲ್ಲವೆಂದು ಸುಳ್ಳು ಹೇಳಿ, ಸೀಸದ ಕಡ್ಡಿಯಿಂದ ಗುರುತುಮಾಡಿದೆನು.

ಹಳೆಯ ವಹಿಯ ಸಂಗತಿಯನ್ನು ಬರೆಯಲೋ ಬಿಡಲೋ ಎಂದು ಕೇಳಿದಳು. ಬರೆ ಎಂದೆನು. ನನ್ನ ಹೆಸರನ್ನು ಹಾಕಬೇಕೇ ಎಂಬದನ್ನು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. 'ನಮ್ಮ ಸರ' ಎಂದು ಬರೆದಿರುವಳಂತೆ.

ಬರುವ ಗುರುವಾರ ಅವಳೊಡನೆ ರಾಮದುರ್ಗಕ್ಕೆ ಹೋಗುವವನಿದ್ದೇನೆ. ಕತ್ತರಿ ಕೇಳಿದ ಅಜ್ಜನು ಹಾಸನ್ನು ಕತ್ತರಿಸಿದಾಗ ಆ ಸೀರೆಯು ಎಷ್ಟು ಮೊಳ ನೇಯ್ದು ಆಗಿತ್ತು, ಆ ತುಂಡನ್ನು ಆಮೇಲೆ ಏನು ಮಾಡಿದರು ಎಂಬದು ಅವಳ ನಾಲ್ಕನೆಯ ಪ್ರತಿಯಲ್ಲಿಯೂ ಇಲ್ಲ. ಕೇಳಿದರೆ, "ಅದನ್ನ ನಾನೂ ಕೇಳಿಲ್ರಿ" ಎಂದಳು.