ಶ್ಯಾವಿಗೆಯ ಮಣೆ

ಮನೆ ಪಾಲಾಗುವಾಗ ಹೊಲವನ್ನು ಅಳೆಯುತ್ತೇವೆ, ಬಂಗಾರವನ್ನು ತೂಗುತ್ತೇವೆ, ತಾಮ್ರ-ಹಿತ್ತಾಳೆಯ ಪಾತ್ರೆಗಳನ್ನು ಎಣಿಸುತ್ತೇವೆ. ಬೀಸುಕಲ್ಲನ್ನೂ ಶ್ಯಾವಿಗೆಯ ಮಣೆಯನ್ನೂ ಯಾರೂ ಪಾಲಿಗೆ ಕೇಳುವುದಿಲ್ಲ. ಕಡೆಗೆ ಕಲ್ಲು ಹಿತ್ತಿಲು ಸೇರುತ್ತದೆ, ಮಣೆ ಒಲೆ ಸೇರುತ್ತದೆ.

ವಿಜಯಪುರ, ತಿಕೋಟಾ, ಬಬಲೇಶ್ವರಗಳ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಶ್ಯಾವಿಗೆಯ ಕಾಲ. ಉದ್ದವಾದ ಹಲಗೆಯ ಮೇಲೆ ಬಡಿಗನು ಸಣ್ಣ ಸಣ್ಣ ಗೀರುಗಳನ್ನು ಕೊರೆದಿರುತ್ತಾನೆ. ಮಣೆಯನ್ನು ಇಳಿಜಾರಾಗಿ ನಿಲ್ಲಿಸಿ, ಚೆನ್ನಾಗಿ ನಾದಿದ ಗೋಧಿಯ ಹಿಟ್ಟನ್ನು ಒಬ್ಬಾಕೆ ಅಂಗೈಯಿಂದ ಒತ್ತಿ ತಿಕ್ಕಿದರೆ ಎಳೆಗಳು ಕೆಳಗಿಳಿಯುತ್ತವೆ. ಇನ್ನೊಬ್ಬಾಕೆ ಅವು ಹರಿಯದಂತೆ ಎಳೆದು ಕೋಲಿನ ಮೇಲೆ ಹರವುತ್ತಾಳೆ. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಇಂದು ನಮ್ಮ ಮನೆ, ನಾಳೆ ನಿಮ್ಮ ಮನೆ ಎಂದು ಓಣಿಯ ತಾಯಂದಿರು ಮುಯ್ಯಿಗೆ ಮುಯ್ಯಿ ತೀರಿಸುತ್ತಿದ್ದರು.

ದೂರದ ಇಟಲಿಯಲ್ಲಿಯೂ ಇಂಥದೇ ಸಂಪ್ರದಾಯವುಂಟು. ಅಲ್ಲಿಯ ಅಬ್ರುಝೋ ಸೀಮೆಯವರು ಮರದ ಚೌಕಟ್ಟಿಗೆ ತಂತಿಗಳನ್ನು ಬಿಗಿದು, ಲಟ್ಟಿಸಿದ ಹಿಟ್ಟನ್ನು ಅದರ ಮೇಲೊತ್ತಿ ಎಳೆಗಳಾಗಿ ಕೊಯ್ಯುತ್ತಾರೆ. ವಾದ್ಯವನ್ನು ಹೋಲುವುದರಿಂದ ಆ ಸಾಧನಕ್ಕೆ ಗಿಟಾರೆಂದೇ ಹೆಸರು. 1880ರಿಂದ 1920ರವರೆಗೆ ಸುಮಾರು 40 ಲಕ್ಷ ಇಟಲಿಯವರು ಹೊಟ್ಟೆಪಾಡಿಗಾಗಿ ಅಮೇರಿಕೆಗೆ ಹೋದರು. ಅವರ ಮೊಮ್ಮಕ್ಕಳಲ್ಲಿ ಎಷ್ಟೋ ಜನರಿಗೆ ಅಜ್ಜಿಯ ಭಾಷೆ ಬಾರದು. ಆದರೂ ಅಜ್ಜಿಯ ಲಟ್ಟಣಿಗೆಯನ್ನೂ ಗೀರುಮಣೆಯನ್ನೂ ಕಾಪಾಡಿಕೊಂಡು ಬಂದ ಮನೆಗಳುಂಟು. ಭಾಷೆ ಮರೆತರೂ ಕೈ ಮರೆಯಲಿಲ್ಲ.

ನಮ್ಮಲ್ಲಿ ಕೈಗೆಲಸದೊಡನೆ ನುಡಿಯೂ ಬೆಳೆಯಿತು. ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಗ್ರಹದಲ್ಲಿ ಬೀಸುಕಲ್ಲಿನ ಮುಂದೆ ಹುಟ್ಟಿದ ಪದಗಳುಂಟು. ಹನ್ನೆರಡನೆಯ ಶತಮಾನದ ಶರಣೆ ಕೊಟ್ಟಣದ ಸೋಮಮ್ಮನವರ ಹೆಸರಿನಲ್ಲಿಯೇ ಕುಟ್ಟುವ ಕಾಯಕ ನೆಲೆಸಿದೆ.

ಆದರೆ ಒಂದು ಮಾತನ್ನು ಮರೆಯಬಾರದು. ಬೀಸುಕಲ್ಲನ್ನು ಹೊಗಳಿ ಬರೆದವರಲ್ಲಿ ಗಂಡಸರೇ ಹೆಚ್ಚು. ನಸುಕಿನಲ್ಲೆದ್ದು ಬೀಸಿದವರು ಹೆಣ್ಣುಮಕ್ಕಳು. ಗಿರಣಿ ಬಂದು ಅವರ ರಟ್ಟೆಯ ನೋವು ಇಳಿದದ್ದು ಒಳ್ಳೆಯದೇ ಆಯಿತು. ಆ ದುಡಿಮೆಯನ್ನು ಮತ್ತೆ ಸೊಸೆಯಂದಿರ ಮೇಲೆ ಹೊರಿಸಿ ಅದನ್ನು ಸಂಸ್ಕೃತಿಯೆಂದು ಕರೆಯುವುದು ನಮಗೆ ಒಪ್ಪಿಗೆಯಿಲ್ಲ.

ಹಾಗಾದರೆ ಉಳಿಸಬೇಕಾದುದೇನು? ಕಷ್ಟವನ್ನಲ್ಲ, ಕೌಶಲವನ್ನು. ಹಿಟ್ಟಿನ ಹದ ಪುಸ್ತಕದಿಂದ ಬರುವುದಿಲ್ಲ. ಬಲ್ಲವರ ಪಕ್ಕದಲ್ಲಿ ಕುಳಿತೇ ಕಲಿಯಬೇಕು. ಆ ಬಲ್ಲವರು ಇಂದು ಎಪ್ಪತ್ತು-ಎಂಬತ್ತು ದಾಟಿದ್ದಾರೆ. ಪುಣೆ, ಬೆಂಗಳೂರುಗಳಲ್ಲಿ ನೆಲೆಸಿದ ಮಕ್ಕಳು ಬೇಸಿಗೆಯ ರಜೆಗೆ ಊರಿಗೆ ಬಂದಾಗ ಒಂದು ದಿನ ಮಣೆಯನ್ನು ಹೊರತೆಗೆಯಿರಿ. ಗೀರು ಸವೆದಿದ್ದರೆ ಬಡಿಗನನ್ನು ಕರೆಸಿ ಕೊರೆಯಿಸಿರಿ. ಆತನ ಕಾಯಕಕ್ಕೂ ನಾಲ್ಕು ಕಾಸು ಸಲ್ಲಲಿ. ಮೊಮ್ಮಗಳಷ್ಟೇ ಅಲ್ಲ, ಮೊಮ್ಮಗನೂ ಹಿಟ್ಟು ತಿಕ್ಕಲಿ. ಅಜ್ಜಿ ಕುಳಿತಲ್ಲಿಂದಲೇ ತಿದ್ದಲಿ. ಆ ಮಣೆ ಯಾರು ಮಾಡಿಸಿದ್ದು, ಯಾರ ತವರಿನಿಂದ ಬಂದದ್ದು ಎಂಬುದನ್ನು ಕೇಳಿ ಬರೆದಿಡಿರಿ.

ಮುಂದೆ ಮನೆ ಪಾಲಾಗುವ ದಿನ ಬಂದರೂ, ಆ ಮಣೆ ತನಗಿರಲಿ ಎಂದು ಕೇಳುವ ಒಂದು ಮಗುವಾದರೂ ಆಗ ಮನೆಯಲ್ಲಿರುತ್ತದೆ.