ಬೇಟೆಗೆ ಮೊದಲು ಹುಲ್ಲು

ಅಮೆರಿಕದ ಸೌತ್ ಡಕೋಟ ರಾಜ್ಯದಲ್ಲಿ ಫೆಸೆಂಟ್ ಹಕ್ಕಿಯ ಬೇಟೆ ಎಲ್ಲರಿಗೂ ತೆರೆದುಕೊಳ್ಳುವುದು ಅಕ್ಟೋಬರ್ ತಿಂಗಳ ಮೂರನೆಯ ಶನಿವಾರ. ಅದಕ್ಕಾಗಿ ಬೇಸಿಗೆಯಲ್ಲೇ ಲೆಕ್ಕಾಚಾರ ಶುರುವಾಗುತ್ತದೆ. ಪರವಾನಗಿ ಪಡೆಯಬೇಕು, ಕೋಣೆ ಕಾದಿರಿಸಬೇಕು, ನಾಯಿಯನ್ನು ಪಳಗಿಸಬೇಕು, ಯಾರ ಜಮೀನಿನಲ್ಲಿ ನಡೆಯುವುದೆಂದು ಗೊತ್ತುಮಾಡಿಕೊಳ್ಳಬೇಕು. ಇಷ್ಟೆಲ್ಲ ತಯಾರಿ ಯಾತಕ್ಕಾಗಿ? ಹಕ್ಕಿ ಸಿಕ್ಕೇ ಸಿಗಬೇಕೆಂಬ ಖಾತ್ರಿಗೋ, ಕೊಲ್ಲುವುದಾದರೆ ನ್ಯಾಯವಾಗಿ ಕೊಲ್ಲಬೇಕೆಂಬ ಕಾಳಜಿಗೋ? ಎರಡನೆಯದಕ್ಕಲ್ಲವಾದರೆ ಹೊರಡದೆ ಮನೆಯಲ್ಲಿರುವುದೇ ಮೇಲೆಂದು ನಾನು ನಂಬುತ್ತೇನೆ.

ಕನ್ನಡದ ಓದುಗರಿಗೆ ಇಲ್ಲೊಂದು ತಕರಾರು ಏಳುವುದು ಸಹಜ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನೆರಳಿನಲ್ಲಿ ಬೆಳೆದವರು ನಾವು. ಫೆಸೆಂಟಿನ ಕುಟುಂಬಕ್ಕೇ ಸೇರಿದ ನವಿಲನ್ನಾಗಲಿ ನಮ್ಮ ಮಲೆನಾಡಿನ ಕಾಡುಕೋಳಿಯನ್ನಾಗಲಿ ಹೊಡೆಯುವುದು ಇಲ್ಲಿ ಅಪರಾಧ, ಅದು ಹಾಗೆಯೇ ಇರಬೇಕು. ಆದರೆ ಸೌತ್ ಡಕೋಟದ ಫೆಸೆಂಟಿನ ಕಥೆ ಬೇರೆ. ಅದು ಅಲ್ಲಿನ ಮೂಲದ ಹಕ್ಕಿಯೇ ಅಲ್ಲ. ಶಾಂಘಾಯಿಯಲ್ಲಿ ಅಮೆರಿಕದ ಕಾನ್ಸುಲ್ ಕಚೇರಿಯಲ್ಲಿದ್ದ ಓವೆನ್ ಡೆನ್ನಿ 1880ರ ದಶಕದ ಮೊದಲಲ್ಲಿ ಚೀನಾದಿಂದ ಹಡಗಿನಲ್ಲಿ ಒರೆಗಾನ್‌ಗೆ ಕಳಿಸಿದ ಮೇಲೆ ಅದು ಆ ದೇಶದಲ್ಲಿ ನೆಲೆಯೂರಿತು. ಸೌತ್ ಡಕೋಟಕ್ಕೆ ತಂದು ಬಿಟ್ಟಿದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. 1919ರಲ್ಲಿ ಸ್ಪಿಂಕ್ ಕೌಂಟಿಯಲ್ಲಿ ಒಂದೇ ಒಂದು ದಿನದ ಬೇಟೆಗೆ ಅನುಮತಿ ಸಿಕ್ಕಿತು. ಈಗಿನ ನಿಯಮದಂತೆ ಹುಂಜಗಳನ್ನು ಮಾತ್ರ ಹೊಡೆಯಬೇಕು, ದಿನಕ್ಕೆ ಒಬ್ಬರಿಗೆ ಮೂರು. ಒಂದು ಹುಂಜ ಹಲವು ಹೇಂಟೆಗಳೊಂದಿಗೆ ಕೂಡುವುದರಿಂದ ಮುಂದಿನ ವರ್ಷದ ಮರಿಗಳ ಸಂಖ್ಯೆಯನ್ನು ಈ ಬೇಟೆ ಅಷ್ಟಾಗಿ ತಗ್ಗಿಸುವುದಿಲ್ಲ.

ಅದನ್ನು ನಿರ್ಧರಿಸುವುದು ಹುಲ್ಲು. ಹೇಂಟೆ ಗೂಡು ಮಾಡುವುದು ನೆಲದ ಮೇಲೆ. ಹತ್ತು ಹನ್ನೆರಡು ಮೊಟ್ಟೆಯಿಟ್ಟು ಸುಮಾರು 23 ದಿನ ಕಾವು ಕೊಡುತ್ತದೆ. ಅಷ್ಟರೊಳಗೆ ಮೇವು ಕೊಯ್ಯುವ ಯಂತ್ರ ಬಂದರೆ ಮೊಟ್ಟೆಯೂ ಹೋಯಿತು, ಎಷ್ಟೋ ಸಲ ಏಳದೆ ಕೂತ ತಾಯಿಯೂ ಹೋಯಿತು. ಮರಿಗಳಿಗೆ ಮೊದಲ ವಾರಗಳಲ್ಲಿ ಕಾಳಲ್ಲ, ಹುಳುಹುಪ್ಪಟೆ ಬೇಕು. ಅವು ಸಿಗುವುದು ಬಗೆಬಗೆಯ ಗಿಡ ಬೆರೆತ ಹುಲ್ಲಿನಲ್ಲಿ. ಹಿಮಗಾಳಿ ಬೀಸುವ ಜನವರಿಯಲ್ಲಿ ಆಪು ದಟ್ಟವಾಗಿ ಬೆಳೆದ ಜೌಗು ಬೇಕು. ಕಣ್ಣು ಹಾಯುವವರೆಗೂ ಮೆಕ್ಕೆಜೋಳ, ಸೋಯಾ ಬಿತ್ತಿದರೆ ಇವು ಯಾವುವೂ ಉಳಿಯವು. 1985ರಲ್ಲಿ ಕೇಂದ್ರ ಸರ್ಕಾರ ಒಂದು ಯೋಜನೆ ತಂದಿತು: ಸವಕಲು ನೆಲವನ್ನು ಉಳದೆ ಹತ್ತು ಹದಿನೈದು ವರ್ಷ ಹುಲ್ಲಿಗೆ ಬಿಟ್ಟರೆ ರೈತನಿಗೆ ಬಾಡಿಗೆ. ಹಕ್ಕಿ ತುಂಬಿಕೊಂಡಿತು. 2007ರ ಹೊತ್ತಿಗೆ ಎಥನಾಲ್‌ನಿಂದಾಗಿ ಮೆಕ್ಕೆಜೋಳದ ಬೆಲೆ ಏರಿತು, ಒಪ್ಪಂದ ಮುಗಿದ ಕಡೆಯೆಲ್ಲ ನೇಗಿಲು ಬಿತ್ತು, ಮುಂದಿನ ವರ್ಷಗಳಲ್ಲಿ ಹಕ್ಕಿ ಕುಸಿಯಿತು. ಇದರಲ್ಲಿ ರೈತನನ್ನು ದೂರಲು ನನಗೆ ಮನಸ್ಸಿಲ್ಲ. ಸಾಲದ ಕಂತು ಕಟ್ಟುವವನು ಅವನು.

ಬೇಟೆಗಾರನ ಹಣ ಈ ನೆಲಕ್ಕೆ ನಿಜವಾಗಿಯೂ ಸೇರುತ್ತದೆ ಎಂಬುದನ್ನು ಒಪ್ಪಲೇಬೇಕು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಬೇಟೆ ಬಂದೂಕು, ತೋಟೆಗಳ ಮೇಲಿನ ಶೇಕಡ 11ರಷ್ಟು ತೆರಿಗೆ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ಹಾಗೆ ಉಳಿದ ಹುಲ್ಲಿನಲ್ಲಿ ಬಾತುಗಳು, ಬಯಲಿನ ಹಾಡುಹಕ್ಕಿಗಳು, ಜೇನ್ನೊಣಗಳೂ ಬದುಕುತ್ತವೆ. ಕೊಲ್ಲುವವನೇ ಕಾಯುವವನೂ ಆಗಬಲ್ಲನೇ ಎಂಬ ಪ್ರಶ್ನೆಗೆ ಇಲ್ಲಿ ಹೌದು ಎನ್ನಬಹುದು. ಆದರೆ ನ್ಯಾಯವಾಗಿ ಕೊಲ್ಲಬೇಕೆಂಬ ಷರತ್ತಿನ ಮೇಲೆ.

ಆ ಷರತ್ತು ಮುರಿಯುವುದು ಖಾತ್ರಿಯ ಆಸೆಯಿಂದ. ದುಡ್ಡು ತೆತ್ತರೆ ಪಂಜರದಲ್ಲಿ ಸಾಕಿದ ಹುಂಜಗಳನ್ನು ತಂದು ಬಿಡುವ ಖಾಸಗಿ ಬೇಟೆತಾಣಗಳಿವೆ. ಬ್ರಿಟನ್ನಿನಲ್ಲಂತೂ ಪ್ರತಿವರ್ಷ ಕೋಟಿಗಟ್ಟಲೆ ಸಾಕಿದ ಫೆಸೆಂಟ್‌ಗಳನ್ನು ಬಿಡುತ್ತಾರೆ. ಗಾಳಿಯನ್ನೂ ನರಿಯನ್ನೂ ಅರಿಯದ ಹಕ್ಕಿಯ ಮೇಲೆ ಈಡು ಹಾರಿಸುವುದನ್ನು ಬೇಟೆ ಎನ್ನಲು ನಾನು ಸಿದ್ಧನಿಲ್ಲ. ಖಾತ್ರಿಯ ಆಸೆಗೆ ಇನ್ನೊಂದು ಮುಖವೂ ಇದೆ: 2019ರಲ್ಲಿ ಸೌತ್ ಡಕೋಟ ಸರ್ಕಾರ ಗೂಡು ಕೆಡಿಸುವ ರಕೂನ್, ಸ್ಕಂಕ್, ನರಿ ಮುಂತಾದವುಗಳ ಬಾಲಕ್ಕೆ ತಲಾ ಹತ್ತು ಡಾಲರ್ ಇನಾಮು ಘೋಷಿಸಿತು. ಅಗಲವಾದ ದಟ್ಟ ಹುಲ್ಲಿದ್ದರೆ ಗೂಡು ಹುಡುಕುವುದು ಆ ಪ್ರಾಣಿಗಳಿಗೆ ತಾನಾಗಿಯೇ ಕಷ್ಟ. ಹುಲ್ಲು ಬೆಳೆಸುವ ಬದಲು ಬಾಲ ಕೊಳ್ಳುವುದು ಬೇಟೆಗಾರರ ಹೆಸರಿನಲ್ಲಿ ನಡೆಯುವಾಗ ಅದು ತಪ್ಪೆಂದು ಮೊದಲು ಹೇಳಬೇಕಾದವರು ಬೇಟೆಗಾರರೇ.

ಹಾಗಾದರೆ ತಯಾರಿ ಹೇಗಿರಬೇಕು? ಬಯಲಿನಲ್ಲೇ ಹುಟ್ಟಿ ಬೆಳೆದ ಹಕ್ಕಿ ಇರುವಲ್ಲಿಗೆ ಹೋಗಬೇಕು, ಬರಿಗೈಯಲ್ಲಿ ಮರಳಲು ಸಿದ್ಧರಾಗಿಯೇ ಹೋಗಬೇಕು. ರಾಜ್ಯವೇ ಖಾಸಗಿ ಜಮೀನನ್ನು ಗುತ್ತಿಗೆಗೆ ಪಡೆದು ಕಾಲ್ನಡಿಗೆಯ ಬೇಟೆಗೆ ತೆರೆದ ತಾಣಗಳಿವೆ, ಅಲ್ಲಿಂದ ಶುರುಮಾಡಬಹುದು. ಪಳಗಿದ ನಾಯಿ ಇಲ್ಲದೆ ಹೋಗಲೇಬಾರದು. ರೆಕ್ಕೆ ಮುರಿದ ಫೆಸೆಂಟ್ ಬಿದ್ದಲ್ಲಿ ಬಿದ್ದಿರದೆ ಓಡುತ್ತದೆ, ಹುಲ್ಲಿನಡಿ ನುಸುಳಿ ಮರೆಯಾಗುತ್ತದೆ. ಅದನ್ನು ನಾಯಿಯ ಮೂಗಲ್ಲದೆ ಮನುಷ್ಯನ ಕಣ್ಣು ಪತ್ತೆ ಮಾಡಲಾರದು. ನರಳಿ ಸಾಯಲು ಬಿಟ್ಟು ಬರುವುದಕ್ಕಿಂತ ದೊಡ್ಡ ಅನ್ಯಾಯ ಈ ಬೇಟೆಯಲ್ಲಿಲ್ಲ. ಸೂರ್ಯನಿಗೆ ಎದುರಾಗಿ ಎದ್ದ ಹಕ್ಕಿ ಹುಂಜವೋ ಹೇಂಟೆಯೋ ತಿಳಿಯದಿದ್ದರೆ ಬಂದೂಕು ಇಳಿಸಬೇಕು. ಕೇಂದ್ರ ಸರ್ಕಾರದ ಜೌಗುತಾಣಗಳಲ್ಲಿ ಸೀಸದ ಗುಂಡು ನಿಷಿದ್ಧ, ಏಕೆಂದರೆ ನೆಲಕ್ಕೆ ಬಿದ್ದ ಚೂರುಗಳನ್ನು ನುಂಗಿದ ಹಕ್ಕಿಗಳಿಗೆ ವಿಷವೇರುತ್ತದೆ. ಉಕ್ಕಿನ ಗುಂಡನ್ನೇ ಎಲ್ಲೆಡೆಯೂ ಬಳಸಿದರೆ ಕಳೆದುಕೊಳ್ಳುವುದೇನು?

ಖರ್ಚಿನ ಪಟ್ಟಿಯಲ್ಲೂ ಹುಲ್ಲಿಗೆ ಜಾಗವಿರಬೇಕು. 1982ರಲ್ಲಿ ಮಿನೆಸೋಟದಲ್ಲಿ ಹುಟ್ಟಿದ ಫೆಸೆಂಟ್ಸ್ ಫಾರೆವರ್ ಸಂಸ್ಥೆಯಲ್ಲಿ ಆಯಾ ಊರಿನ ಶಾಖೆ ಕೂಡಿಸಿದ ಹಣವನ್ನು ಎಲ್ಲಿ ಖರ್ಚು ಮಾಡಬೇಕೆಂದು ಆ ಶಾಖೆಯೇ ತೀರ್ಮಾನಿಸುತ್ತದೆ. ತಾನು ನಡೆಯಲಿರುವ ಕೌಂಟಿಯ ಶಾಖೆಗೆ ಕೊಡುವ ಪಾಲನ್ನು ಬೇಟೆಗಾರ ಕೋಣೆ ಕಾದಿರಿಸುವ ಮೊದಲೇ ತೆಗೆದಿಡಲಿ.